ಐದನೇ ವಾರದ ಗಂಡಾಂತರ: ಮೊಲದ ಮರಿಯ ಕರುಳಿಗೆ ವೈರಸ್ ಹೊಕ್ಕಾಗ ಆಗುವುದೇನು?

ಸಂಜೆ ಗೂಡಿನ ಬಾಗಿಲು ತೆರೆದಾಗ ಏಳೂ ಮರಿಗಳು ಮುಗಿಬಿದ್ದು ಹುಲ್ಲು ಎಳೆದಾಡಿದ್ದವು. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಮರಿ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಕುಳಿತಿದೆ. ಕಣ್ಣು ಅರೆ ಮುಚ್ಚಿದೆ. ಬಾಲದ ಕೆಳಗಿನ ತುಪ್ಪಳ ಒದ್ದೆಯಾಗಿ ಅಂಟಿಕೊಂಡಿದೆ. ಕಿವಿಗೊಟ್ಟರೆ ಹಲ್ಲು ಕಡಿಯುವ ಸಣ್ಣ ಸದ್ದು. ಮಧ್ಯಾಹ್ನದ ಹೊತ್ತಿಗೆ ಅದು ಸತ್ತಿರುತ್ತದೆ, ಮರುದಿನ ಇನ್ನೆರಡು. ತಾಯಿ ಮೊಲ ಮಾತ್ರ ಏನೂ ಆಗಿಲ್ಲವೆಂಬಂತೆ ಪಕ್ಕದಲ್ಲೇ ಹುಲ್ಲು ಜಗಿಯುತ್ತಿರುತ್ತದೆ.

ಮೊಲ ಸಾಕಿದವರಲ್ಲಿ ಬಹಳ ಮಂದಿ ಇದನ್ನು ಕಂಡಿದ್ದಾರೆ. ಮರಿಗಳಿಗೆ ಎಷ್ಟು ವಯಸ್ಸಾಗಿತ್ತು ಎಂದು ಕೇಳಿದರೆ ಹೆಚ್ಚುಕಡಿಮೆ ಒಂದೇ ಉತ್ತರ ಬರುತ್ತದೆ: ನಾಲ್ಕು ವಾರ ದಾಟಿತ್ತು, ಈಗಷ್ಟೇ ಹಾಲು ಬಿಡಿಸಿದ್ದೆವು. "ವೈರಸ್ ಇರಬೇಕು" ಎಂದು ಯಾರೋ ಹೇಳುತ್ತಾರೆ. ಇರಬಹುದು. ಆದರೆ ಯಾವ ವೈರಸ್? ಅದು ಕರುಳಿನಲ್ಲಿ ಮಾಡುವುದೇನು? ಅದೇ ಗೂಡಿನ ತಾಯಿಯನ್ನು ಬಿಟ್ಟು ಮರಿಯನ್ನೇ ಹಿಡಿದದ್ದೇಕೆ, ಅದೂ ಇದೇ ವಯಸ್ಸಿನಲ್ಲಿ? ಇವಕ್ಕೆ ಉತ್ತರ ಹುಡುಕಲು ವೈರಸ್ಸಿಗಿಂತ ಮೊದಲು ಮೊಲದ ಹೊಟ್ಟೆಯನ್ನು ತಿಳಿಯಬೇಕು. ಅದೊಂದು ವಿಚಿತ್ರ ಹೊಟ್ಟೆ.

ಎರಡು ಬಗೆಯ ಹಿಕ್ಕೆ

ಹಸು ತಿಂದ ಹುಲ್ಲು ಮೊದಲು ಹೊಟ್ಟೆಯ ಮುಂಭಾಗದ ದೊಡ್ಡ ಚೀಲದಲ್ಲಿ ಹುದುಗುತ್ತದೆ, ಆಮೇಲೆ ಕರುಳಿಗೆ ಇಳಿಯುತ್ತದೆ. ಮೊಲದಲ್ಲಿ ಈ ಏರ್ಪಾಡು ತಿರುಗುಮುರುಗು. ಅದರ ಹುದುಗುವ ತೊಟ್ಟಿ ಇರುವುದು ಹಿಂದುಗಡೆ, ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಜಾಗದಲ್ಲಿ. ಒಂದು ತುದಿ ಮುಚ್ಚಿಕೊಂಡಿರುವ ಈ ಚೀಲಕ್ಕೆ ಕುರುಡು ಕರುಳು ಎಂದು ಹೆಸರು. ಮನುಷ್ಯರಲ್ಲಿ ಇದೊಂದು ಗಿಡ್ಡ ಚೀಲ, ಅಷ್ಟೇ. ಮೊಲದಲ್ಲಿ ಮಾತ್ರ ಜೀರ್ಣಾಂಗಗಳ ಒಟ್ಟು ಗಾತ್ರದ ಸುಮಾರು ಅರ್ಧದಷ್ಟು ಇದೊಂದೇ ಇರುತ್ತದೆ. ಇದರೊಳಗೆ ಲೆಕ್ಕಕ್ಕೆ ಸಿಗದಷ್ಟು ಬ್ಯಾಕ್ಟೀರಿಯಾಗಳು ಬೀಡುಬಿಟ್ಟಿವೆ. ಮೊಲ ತಾನಾಗಿ ಅರಗಿಸಿಕೊಳ್ಳಲಾಗದ ಸಸ್ಯಭಾಗಗಳನ್ನು ಒಡೆದುಕೊಡುವುದು ಇವುಗಳ ಕೆಲಸ.

ಸಣ್ಣ ಕರುಳಿನಿಂದ ಬಂದ ಮಿಶ್ರಣವನ್ನು ದೊಡ್ಡ ಕರುಳಿನ ಆರಂಭದ ಭಾಗವು ಜರಡಿ ಹಿಡಿದಂತೆ ಎರಡಾಗಿ ಬೇರ್ಪಡಿಸುತ್ತದೆ. ದಪ್ಪ ನಾರು ಮುಂದಕ್ಕೆ ಸಾಗಿ ದುಂಡನೆಯ ಗಟ್ಟಿ ಹಿಕ್ಕೆಯಾಗಿ ಹೊರಬೀಳುತ್ತದೆ. ಸಣ್ಣ ಕಣಗಳೂ ನೀರೂ ಹಿಂದಕ್ಕೆ ತಳ್ಳಿಸಿಕೊಂಡು ಕುರುಡು ಕರುಳಿಗೆ ಹೋಗುತ್ತವೆ. ಅಲ್ಲಿ ಹುದುಗಿ ಸತ್ವ ತುಂಬಿಕೊಂಡ ಸರಕು ಹೆಚ್ಚಾಗಿ ರಾತ್ರಿ ಅಥವಾ ನಸುಕಿನ ಹೊತ್ತಿನಲ್ಲಿ ಎರಡನೇ ಬಗೆಯ ಹಿಕ್ಕೆಯಾಗಿ ಇಳಿಯುತ್ತದೆ. ಅದು ಮೆತ್ತಗಿರುತ್ತದೆ, ಲೋಳೆಯ ಹೊಳಪಿರುತ್ತದೆ, ಪುಟ್ಟ ದ್ರಾಕ್ಷಿ ಗೊಂಚಲಿನಂತೆ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಮೊಲ ತಲೆ ಬಗ್ಗಿಸಿ ಇದನ್ನು ಗುದದಿಂದ ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಅಸಹ್ಯವೆನಿಸಿದರೂ ಇದು ಅದರ ಊಟದ ಮುಖ್ಯ ಭಾಗ. ಪ್ರೋಟೀನಿನ ಒಂದು ಪಾಲು, ಬಿ ಗುಂಪಿನ ವಿಟಮಿನ್ನುಗಳು ಅದಕ್ಕೆ ಸಿಗುವುದು ಹೀಗೆಯೇ.

ಹೊಸದಾಗಿ ಮೊಲ ಸಾಕುವವರು ಗೂಡಿನಲ್ಲಿ ತಿನ್ನದೆ ಬಿಟ್ಟ ಮೆತ್ತನೆಯ ಹಿಕ್ಕೆ ಕಂಡು ಭೇದಿಯೆಂದು ಗಾಬರಿಯಾಗುವುದುಂಟು. ವ್ಯತ್ಯಾಸ ತಿಳಿಯುವುದು ಸುಲಭ. ಮೆತ್ತನೆಯ ಹಿಕ್ಕೆಯ ಜೊತೆಗೆ ಗಟ್ಟಿ ಹಿಕ್ಕೆಯೂ ಬೀಳುತ್ತಿದ್ದು, ಮೊಲ ಚುರುಕಾಗಿ ತಿನ್ನುತ್ತಿದ್ದರೆ ಅದು ಭೇದಿಯಲ್ಲ. ಸಾಮಾನ್ಯವಾಗಿ ನಾರು ಕಡಿಮೆಯಾಗಿ ಕಾಳು, ಸಿಹಿ ಹೆಚ್ಚಾದುದರ ಸೂಚನೆ. ಗಟ್ಟಿ ಹಿಕ್ಕೆ ಪೂರ್ತಿ ನಿಂತು, ನೀರಿನಂಥದ್ದು ಅಥವಾ ಬರಿಯ ಲೋಳೆ ಬರುತ್ತಿದ್ದರೆ ಅದು ನಿಜವಾದ ಭೇದಿ. ಮರಿಯಲ್ಲಿ ಇದು ಗಂಟೆಗಳ ಲೆಕ್ಕದ ತುರ್ತು.

ಇನ್ನೆರಡು ಸಂಗತಿ ಇಲ್ಲೇ ಹೇಳಿಬಿಡಬೇಕು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೋಗಬೇಕು. ಮತ್ತು ಅದರ ಕರುಳು ಸದಾ ಚಲಿಸುತ್ತಿರಬೇಕು. ಆ ಚಲನೆಗೆ ತಳ್ಳು ಕೊಡುವುದು ಉದ್ದ ನಾರು. ಹುಲ್ಲು ನಿಂತರೆ ಕರುಳು ನಿಲ್ಲುತ್ತದೆ. ಕರುಳು ನಿಂತರೆ ತೊಟ್ಟಿಯೊಳಗಿನ ಬ್ಯಾಕ್ಟೀರಿಯಾಗಳ ಸಮತೋಲ ಕೆಡುತ್ತದೆ, ಅನಿಲ ತುಂಬುತ್ತದೆ, ನೋವಿಗೆ ಮೊಲ ತಿನ್ನುವುದನ್ನೇ ಬಿಡುತ್ತದೆ. ತಿನ್ನದಿದ್ದರೆ ಕರುಳು ಇನ್ನಷ್ಟು ನಿಲ್ಲುತ್ತದೆ.

ಐದನೇ ವಾರವೇ ಏಕೆ?

ತಾಯಿ ಮೊಲ ಮರಿಗಳಿಗೆ ಹಾಲು ಕೊಡುವುದು ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, ಅದೂ ಮೂರು ನಾಲ್ಕು ನಿಮಿಷ. ಅಷ್ಟರಲ್ಲಿ ಮರಿಗಳು ಹೊಟ್ಟೆ ಬಿರಿಯುವಷ್ಟು ಕುಡಿದುಬಿಡುತ್ತವೆ. ಈ ಹಾಲು ಕೊಬ್ಬಿನಿಂದ ದಟ್ಟವಾಗಿರುತ್ತದೆ. ಮರಿಯ ಜಠರದಲ್ಲಿ ಆ ಕೊಬ್ಬು ಒಡೆದಾಗ ಕೆಲವು ಕೊಬ್ಬಿನ ಆಮ್ಲಗಳು ಹುಟ್ಟುತ್ತವೆ. ಅವು ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲವು. ಹಾಗಾಗಿ ಹಾಲು ಕುಡಿಯುವ ಮರಿಯ ಜಠರ, ಸಣ್ಣ ಕರುಳುಗಳಲ್ಲಿ ಸೂಕ್ಷ್ಮಜೀವಿಗಳು ಬಹಳ ಕಡಿಮೆ.

ಬೆಳೆದ ಮೊಲಕ್ಕೆ ಕಾವಲು ಬೇರೆ. ಅದರ ಜಠರದ ಆಮ್ಲ ಅತಿ ತೀಕ್ಷ್ಣ, ಪಿಎಚ್ ಅಳತೆಯಲ್ಲಿ 1ರಿಂದ 2. ಬಾಯಿಂದ ಹೋದ ಬಹುಪಾಲು ಸೂಕ್ಷ್ಮಜೀವಿಗಳು ಅಲ್ಲೇ ಸುಟ್ಟುಹೋಗುತ್ತವೆ. ಹಾಲು ಕುಡಿಯುವ ಮರಿಯಲ್ಲಿ ಇದೇ ಅಳತೆ 5ರಿಂದ 6.5ರವರೆಗೆ ಇರುತ್ತದೆ, ಎಂದರೆ ಆಮ್ಲ ಇದ್ದೂ ಇಲ್ಲದಂತೆ.

ಮೂರನೇ ವಾರದ ಹೊತ್ತಿಗೆ ಮರಿ ಗೂಡಿನಿಂದ ಹೊರಬಂದು ಹುಲ್ಲು, ತಾಯಿಯ ಆಹಾರ ಕಡಿಯಲು ಶುರುಮಾಡುತ್ತದೆ. ನಾಲ್ಕು, ಐದನೇ ವಾರಕ್ಕೆ ಹಾಲು ನಿಲ್ಲುತ್ತದೆ. ಹಾಲಿನ ಕಾವಲುಗಾರ ಮನೆಗೆ ಹೋದ, ಆಮ್ಲದ ಕಾವಲುಗಾರ ಇನ್ನೂ ಕೆಲಸಕ್ಕೆ ಬಂದಿಲ್ಲ. ಬಾಗಿಲು ತೆರೆದಿರುವುದು ಈ ನಡುವಿನ ದಿನಗಳಲ್ಲಿ.

ಇದೇ ಹೊತ್ತಿಗೆ ಮೂರನೆಯದೊಂದು ರಕ್ಷಣೆಯೂ ಕಳಚಿಕೊಳ್ಳುತ್ತದೆ. ತಾಯಿ ಹಿಂದೆ ಯಾವುದಾದರೂ ವೈರಸ್ಸನ್ನು ಎದುರಿಸಿ ಗೆದ್ದಿದ್ದರೆ, ಅದನ್ನು ಗುರುತಿಸಿ ತಡೆಯುವ ಪ್ರತಿಕಾಯಗಳು ಅದರ ರಕ್ತದಲ್ಲಿ ಇರುತ್ತವೆ. ಕರುವಿಗೆ ಇಂಥ ಪ್ರತಿಕಾಯಗಳು ಹುಟ್ಟಿದ ಮೇಲೆ ಗಿಣ್ಣುಹಾಲಿನಲ್ಲಿ ಸಿಗುತ್ತವೆ. ಮೊಲದ ಮರಿಗೆ ಹೆಚ್ಚಿನ ಪಾಲು ಹುಟ್ಟುವ ಮುಂಚೆ ಗರ್ಭದಲ್ಲೇ ಸಿಕ್ಕಿರುತ್ತದೆ; ಈ ವಿಷಯದಲ್ಲಿ ಮೊಲ ಹಸುವಿಗಿಂತ ಮನುಷ್ಯರಿಗೆ ಹತ್ತಿರ. ಆದರೆ ಅದು ತಾಯಿ ಕೊಟ್ಟ ಬುತ್ತಿ, ಮರಿ ತಾನೇ ದುಡಿದದ್ದಲ್ಲ. ದಿನ ಕಳೆದಂತೆ ಕರಗುತ್ತ ಬಂದು ಹಾಲು ಬಿಡಿಸುವ ವಯಸ್ಸಿಗೆ ತಳ ಕಾಣುತ್ತದೆ. ಮರಿಯ ಸ್ವಂತ ರೋಗನಿರೋಧಕ ವ್ಯವಸ್ಥೆ ಆಗಿನ್ನೂ ಪಾಠ ಕಲಿಯುತ್ತಿರುತ್ತದೆ.

ಇಷ್ಟೂ ಸಾಲದೆಂಬಂತೆ ನಾವು ಅದೇ ವಾರ ಮರಿಯನ್ನು ತಾಯಿಯಿಂದ ಬೇರ್ಪಡಿಸುತ್ತೇವೆ, ಗೂಡು ಬದಲಿಸುತ್ತೇವೆ, ಬೇರೆ ತಾಯಿಯ ಮರಿಗಳ ಜೊತೆ ಸೇರಿಸುತ್ತೇವೆ, ಹೊಸ ಆಹಾರ ಹಾಕುತ್ತೇವೆ, ಕೆಲವೊಮ್ಮೆ ಮಾರಿಯೂ ಬಿಡುತ್ತೇವೆ. ವೈರಸ್ ಅದಕ್ಕೂ ಮೊದಲೇ ಗೂಡಿನಲ್ಲಿ ಇದ್ದಿರಬಹುದು. ಅದು ಕಾದಿದ್ದದ್ದು ಈ ವಾರಕ್ಕೆ.

ಕರುಳಿನೊಳಗೆ ನಡೆಯುವುದು

ಸ್ನಾನದ ಟವೆಲನ್ನು ಹತ್ತಿರದಿಂದ ನೋಡಿ. ಮೈತುಂಬ ಸಣ್ಣ ಸಣ್ಣ ನೂಲಿನ ಕುಣಿಕೆಗಳು ಎದ್ದು ನಿಂತಿರುತ್ತವೆ. ನೀರು ಹೀರಲು ಬೇಕಾದಷ್ಟು ಮೈ ಕೊಡುವುದು ಅವೇ. ಸಣ್ಣ ಕರುಳಿನ ಒಳಮೈಯೂ ಹೀಗೆಯೇ ಇದೆ. ಅಲ್ಲಿ ಎದ್ದು ನಿಂತಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಬೆರಳುಗಳಂಥವನ್ನು ವಿಲ್ಲೈ ಎನ್ನುತ್ತಾರೆ. ಅರಗಿದ ಆಹಾರವನ್ನೂ ನೀರನ್ನೂ ರಕ್ತಕ್ಕೆ ದಾಟಿಸುವ ಪಳಗಿದ ಕೋಶಗಳು ಈ ಬೆರಳುಗಳ ತುದಿಯಲ್ಲಿವೆ. ಬುಡದ ತಗ್ಗುಗಳಲ್ಲಿ ಹೊಸ ಕೋಶಗಳು ಹುಟ್ಟುತ್ತ, ಮೆಟ್ಟಿಲು ಹತ್ತಿದಂತೆ ಮೇಲಕ್ಕೆ ಸರಿಯುತ್ತವೆ; ತುದಿಗೆ ಬಂದ ಹಳೆಯವು ಉದುರಿಹೋಗುತ್ತವೆ. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೀಗೆ ಹೊಸದಾಗುತ್ತಿರುತ್ತದೆ.

ವೈರಸ್ ಎಂದರೆ ತಾನಾಗಿ ಬದುಕಲಾರದ, ಬೇರೆ ಜೀವಿಯ ಕೋಶದೊಳಗೆ ಹೊಕ್ಕು ಅಲ್ಲಿನ ಯಂತ್ರಗಳನ್ನೇ ಬಳಸಿಕೊಂಡು ತನ್ನ ನಕಲುಗಳನ್ನು ಮಾಡಿಸಿಕೊಳ್ಳುವ ಕಣ. ಮರಿಗಳ ಭೇದಿಯ ಹಿಂದಿರುವ ವೈರಸ್ಸುಗಳಲ್ಲಿ ಮುಖ್ಯವಾದ ರೋಟಾ ವೈರಸ್ ಹುಡುಕಿಕೊಂಡು ಹೋಗುವುದು ವಿಲ್ಲೈ ತುದಿಯ ಈ ಪಳಗಿದ ಕೋಶಗಳನ್ನೇ. ನಕಲುಗಳು ತುಂಬಿ ಕೋಶ ಒಡೆಯುತ್ತದೆ, ಪಕ್ಕದ ಕೋಶಕ್ಕೂ ಅದೇ ಗತಿ. ತುದಿ ಸವೆದು ಬೆರಳುಗಳು ಮೊಟಕಾಗುತ್ತವೆ. ಕುಣಿಕೆಗಳನ್ನೆಲ್ಲ ಕತ್ತರಿಸಿ ಹಾಕಿದ ಟವೆಲಿನಿಂದ ಮೈ ಒರೆಸಿಕೊಂಡರೆ ಏನಾಗುತ್ತದೆಯೋ ಅದೇ ಇಲ್ಲಿಯೂ ಆಗುತ್ತದೆ: ನೀರು ಒಳಗೆ ಹೋಗದೆ ಹಾಗೇ ಉಳಿಯುತ್ತದೆ. ಅರಗದೆ ಉಳಿದ ಸಕ್ಕರೆ, ಪಿಷ್ಟಗಳು ಮೈಯೊಳಗಿನ ನೀರನ್ನೂ ಕರುಳಿನೊಳಕ್ಕೆ ಎಳೆದುಕೊಳ್ಳುತ್ತವೆ. ಮೇಲಾಗಿ, ರೋಟಾ ವೈರಸ್ ತಯಾರಿಸುವ ಒಂದು ಪ್ರೋಟೀನು ಸ್ವತಃ ವಿಷದಂತೆ ವರ್ತಿಸಿ ಕರುಳಿನ ಗೋಡೆ ನೀರು ಸುರಿಸುವಂತೆ ಮಾಡುತ್ತದೆ.

ಇದು ಮೊದಲ ಪೆಟ್ಟು. ಮರಿ ಗಟ್ಟಿಯಾಗಿದ್ದರೆ ಇದನ್ನು ತಾಳಿಕೊಳ್ಳಬಹುದು, ಏಕೆಂದರೆ ಬುಡದಲ್ಲಿ ಹೊಸ ಕೋಶಗಳು ಹುಟ್ಟುವುದು ನಿಂತಿಲ್ಲ. ಕೆಲವು ದಿನ ಸಿಕ್ಕರೆ ಬೆರಳುಗಳು ಮತ್ತೆ ಬೆಳೆಯುತ್ತವೆ. ಕೊಲ್ಲುವುದು ಹೆಚ್ಚಾಗಿ ಎರಡನೇ ಪೆಟ್ಟು. ಸಣ್ಣ ಕರುಳಿನಲ್ಲಿ ಅರಗಬೇಕಿದ್ದ ಪಿಷ್ಟ ಅರಗದೆ ನೇರವಾಗಿ ಕುರುಡು ಕರುಳಿಗೆ ಸುರಿಯುತ್ತದೆ. ನಾರು ತಿಂದು ನೆಮ್ಮದಿಯಾಗಿದ್ದ ಬ್ಯಾಕ್ಟೀರಿಯಾಗಳ ಸಮಾಜಕ್ಕೆ ಇದು ಒಗ್ಗದ ಊಟ. ಅಲ್ಲಿಯವರೆಗೆ ಬೆರಳೆಣಿಕೆಯಲ್ಲಿ ಮೂಲೆಯಲ್ಲಿದ್ದ ಇ. ಕೋಲಿ, ಕ್ಲಾಸ್ಟ್ರಿಡಿಯಂನಂಥವು ಈ ಪಿಷ್ಟದ ಮೇಲೆ ಮುಗಿಬಿದ್ದು ಮಿತಿಮೀರಿ ಬೆಳೆಯುತ್ತವೆ. ಕ್ಲಾಸ್ಟ್ರಿಡಿಯಂ ಬಗೆಯ ಕೆಲವು ಬ್ಯಾಕ್ಟೀರಿಯಾಗಳು ವಿಷ ಉತ್ಪಾದಿಸುತ್ತವೆ. ಆ ವಿಷ ರಕ್ತಕ್ಕೆ ಸೇರಿದರೆ ಮುಗಿಯಿತು.

ರೋಟಾ ವೈರಸ್ಸನ್ನು ಮಾತ್ರ ಪ್ರಯೋಗಶಾಲೆಯಲ್ಲಿ ಆರೋಗ್ಯವಂತ ಮೊಲಗಳಿಗೆ ಕೊಟ್ಟಾಗ ಹೆಚ್ಚಿನವುಗಳಲ್ಲಿ ಭೇದಿ ಕಾಣಿಸದೆ ಹೋಗುವುದು ಅಥವಾ ಅಲ್ಪಸ್ವಲ್ಪ ಕಾಣಿಸಿ ಮರೆಯಾಗುವುದು ಇದಕ್ಕೇ. ಅದೇ ವೈರಸ್, ಹಾಲು ಬಿಡಿಸಿದ ವಾರದಲ್ಲಿ, ಇ. ಕೋಲಿ ಇರುವ ಕೊಳಕು ಗೂಡಿನಲ್ಲಿ ಬಂದರೆ ಕಥೆ ಬೇರೆ.

ಯಾವ ಯಾವ ವೈರಸ್ಸುಗಳು?

ಮೊದಲ ಹೆಸರು ರೋಟಾ ವೈರಸ್ಸಿನದೇ. ಮಕ್ಕಳ ಭೇದಿಗೆ ಕಾರಣವಾಗುವ ರೋಟಾ ವೈರಸ್ಸನ್ನು 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಆಕಾರ ಗಾಲಿಯಂತೆ ಕಂಡದ್ದರಿಂದ ಲ್ಯಾಟಿನ್ನಿನಲ್ಲಿ ಗಾಲಿಗೆ ಇರುವ 'ರೋಟಾ' ಎಂಬ ಪದವೇ ಹೆಸರಾಯಿತು. ಮೊಲಗಳಲ್ಲಿ ಕಾಣುವುದು ಅದೇ ಕುಟುಂಬದ, ಮೊಲಗಳಿಗೆ ಒಗ್ಗಿದ ತಳಿಗಳು. ಸಾಕಿದ ಮೊಲಗಳಲ್ಲಿ ಇದು ಸಾಮಾನ್ಯ. ದೊಡ್ಡ ಮೊಲಗಳಿಗೂ ತಗಲುತ್ತದೆ, ಆದರೆ ಅವು ಲಕ್ಷಣ ತೋರಿಸದೆಯೇ ವೈರಸ್ಸನ್ನು ಹಿಕ್ಕೆಯಲ್ಲಿ ಹೊರಹಾಕುತ್ತವೆ. ಲೇಖನದ ಮೊದಲಲ್ಲಿ ನಿಶ್ಚಿಂತೆಯಿಂದ ಹುಲ್ಲು ಜಗಿಯುತ್ತಿದ್ದ ತಾಯಿಯೇ ವೈರಸ್ಸಿನ ಮೂಲವಾಗಿದ್ದಿರಲೂ ಸಾಕು.

ಎರಡನೆಯದು ಮೊಲದ ಕರುಳಿನ ಕೊರೊನಾ ವೈರಸ್. ಹೆಸರು ಕೇಳಿ ಹೆದರಬೇಕಾಗಿಲ್ಲ; ಕೊರೊನಾ ಎಂಬುದು ಒಂದು ದೊಡ್ಡ ಮನೆತನದ ಹೆಸರು, ಕೋವಿಡ್ ತಂದದ್ದು ಆ ಮನೆತನದ ಬೇರೆಯದೇ ಕವಲು. ಪ್ರಯೋಗಶಾಲೆಯ ಮೊಲಗಳ ಕರುಳಿನಲ್ಲಿ ಇದನ್ನು 1980ರ ಸುಮಾರಿನಲ್ಲಿ ಗುರುತಿಸಲಾಯಿತು. ಮೂರರಿಂದ ಹತ್ತು ವಾರದ ಮರಿಗಳಿಗೆ ಇದು ಹೆಚ್ಚು ಅಪಾಯಕಾರಿ. ರೋಟಾಗಿಂತ ಇದರ ಏಟು ಬಿರುಸು: ಹೊಟ್ಟೆ ಉಬ್ಬಿ, ನೀರಾದ ಭೇದಿ ಶುರುವಾಗಿ, ಒಂದು ದಿನದೊಳಗೆ ಮರಿ ಸಾಯಬಹುದು. ಸತ್ತ ಮರಿಯನ್ನು ತೆರೆದು ನೋಡಿದರೆ ಕುರುಡು ಕರುಳು ನೀರು ತುಂಬಿದ ಬಲೂನಿನಂತೆ ಇರುತ್ತದೆ. ಇದರ ಜೊತೆಗೂ ಬೇರೆ ಸೂಕ್ಷ್ಮಜೀವಿಗಳು ಸೇರಿಕೊಂಡಿರುವುದೇ ಹೆಚ್ಚು.

ಆಸ್ಟ್ರೋ ವೈರಸ್, ಪಾರ್ವೋ ವೈರಸ್ ಎಂಬ ಇನ್ನೆರಡು ಹೆಸರುಗಳೂ ಪಶುವೈದ್ಯರ ಬಾಯಲ್ಲಿ ಬರುತ್ತವೆ. ನಾಯಿಮರಿಗಳನ್ನು ಕೊಲ್ಲುವ ಪಾರ್ವೋ ಬೇರೆ. ಮೊಲದ ಪಾರ್ವೋ ಸೌಮ್ಯ ಸ್ವಭಾವದ್ದು. ಆಸ್ಟ್ರೋ ವೈರಸ್ ಭೇದಿಯಾದ ಮೊಲಗಳಲ್ಲೂ ಸಿಕ್ಕಿದೆ, ಆರೋಗ್ಯವಾಗಿದ್ದವುಗಳಲ್ಲೂ ಸಿಕ್ಕಿದೆ.

ಅದೇ ಅನುಮಾನಕ್ಕೆ ಗುರಿಯಾಗುವ ಬೇರೆ ರೋಗಗಳು

ಗೂಡಿನಲ್ಲಿ ಸಾಲಾಗಿ ಸಾವು ಕಂಡಾಗ ಮನಸ್ಸಿಗೆ ಬರುವ ಇನ್ನೊಂದು ಹೆಸರು ಮೊಲಗಳ ರಕ್ತಸ್ರಾವ ರೋಗ. ಇದು ವೈರಸ್ಸಿನದೇ, ಬಾಯಿಯ ಮೂಲಕ ಹೊಕ್ಕುವುದೂ ಹೌದು, ಆದರೆ ಕರುಳಿನ ರೋಗವಲ್ಲ. ಇದು ಕೈಹಾಕುವುದು ಯಕೃತ್ತಿಗೆ. ಯಕೃತ್ತು ಕುಸಿದು, ರಕ್ತನಾಳಗಳಲ್ಲೆಲ್ಲ ರಕ್ತ ಹೆಪ್ಪುಗಟ್ಟಿ, ಜ್ವರ ಬಂದ ಒಂದೆರಡು ದಿನದೊಳಗೆ ಮೊಲ ಸತ್ತುಹೋಗುತ್ತದೆ; ಕೆಲವೊಮ್ಮೆ ಮೂಗಿನಲ್ಲಿ ರಕ್ತ ಕಾಣುತ್ತದೆ, ಬಹಳ ಸಲ ಏನೂ ಕಾಣುವುದಿಲ್ಲ. 1984ರಲ್ಲಿ ಚೀನಾದ ಜಿಯಾಂಗ್‌ಸು ಪ್ರಾಂತ್ಯದಲ್ಲಿ ಮೊದಲು ಕಾಣಿಸಿಕೊಂಡ ಈ ರೋಗದ ವಯಸ್ಸಿನ ಲೆಕ್ಕ ಕರುಳಿನ ವೈರಸ್ಸುಗಳಿಗೆ ತದ್ವಿರುದ್ಧ: ಅದು ದೊಡ್ಡ ಮೊಲಗಳನ್ನು ಕೊಂದು ಎಳೆಯ ಮರಿಗಳನ್ನು ಬಿಡುತ್ತಿತ್ತು. 2010ರಲ್ಲಿ ಫ್ರಾನ್ಸ್‌ನಲ್ಲಿ ಪತ್ತೆಯಾದ ಎರಡನೇ ಬಗೆ ಮಾತ್ರ ಮರಿಗಳನ್ನೂ ಬಿಡುವುದಿಲ್ಲ. ಹಾಗಾಗಿ ಭೇದಿಯಿಲ್ಲದೆ ದೊಡ್ಡ ಮೊಲಗಳು ಹಠಾತ್ತನೆ ಸತ್ತರೆ ಯೋಚನೆ ಬೇರೆ ದಿಕ್ಕಿಗೆ ಹೋಗಬೇಕು. ಈ ರೋಗಕ್ಕೆ ಲಸಿಕೆ ಇದೆ. ಕರುಳಿನ ರೋಟಾ, ಕೊರೊನಾಗಳಿಗೆ ಮೊಲಗಳ ಲಸಿಕೆ ಮಾರುಕಟ್ಟೆಯಲ್ಲಿ ಇಲ್ಲ. ಒಂದಕ್ಕೆ ಹಾಕಿಸಿದ ಲಸಿಕೆ ಇನ್ನೊಂದನ್ನು ತಡೆಯುವುದೂ ಇಲ್ಲ.

ಇನ್ನೊಂದರ ಕಥೆ ಕುತೂಹಲದ್ದು. 1996ರ ಕೊನೆಯ ಹೊತ್ತಿಗೆ ಫ್ರಾನ್ಸಿನ ಮೊಲ ಸಾಕಣೆ ಕೇಂದ್ರಗಳಲ್ಲಿ ಹಾಲು ಬಿಡಿಸಿದ ಮರಿಗಳು ಹೊಟ್ಟೆ ಉಬ್ಬಿ ಸಾಯತೊಡಗಿದವು. ಮರಿಯನ್ನು ಎತ್ತಿ ಮೆಲ್ಲಗೆ ಅಲುಗಾಡಿಸಿದರೆ ಅರ್ಧ ತುಂಬಿದ ಬಾಟಲಿಯಂತೆ ಹೊಟ್ಟೆಯೊಳಗೆ ಗುಳುಗುಳು ಸದ್ದು ಬರುತ್ತಿತ್ತು. ಹರಡಿದ ವೇಗ ನೋಡಿ ಎಲ್ಲರೂ ವೈರಸ್ಸನ್ನೇ ಹುಡುಕಿದರು. ಸತ್ತ ಮರಿಗಳ ಕರುಳಿನ ಸರಕನ್ನು ಆರೋಗ್ಯವಂತ ಮರಿಗಳಿಗೆ ಕೊಟ್ಟರೆ ರೋಗ ಬರುತ್ತಿತ್ತು, ಆದರೆ ಕಾರಣವೆನ್ನಬಹುದಾದ ವೈರಸ್ ಮಾತ್ರ ಸಿಗಲಿಲ್ಲ. ಕೆಲವು ಆಂಟಿಬಯಾಟಿಕ್‌ಗಳಿಂದ ರೋಗ ಹತೋಟಿಗೆ ಬಂದದ್ದರಿಂದ ಅನುಮಾನ ಬ್ಯಾಕ್ಟೀರಿಯಾಗಳ ಕಡೆ ತಿರುಗಿತು, ಏಕೆಂದರೆ ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ. ಇದನ್ನು ಸಾಂಕ್ರಾಮಿಕ ಕರುಳುಬೇನೆ ಎನ್ನುತ್ತಾರೆ. ಬೇಗ ಹರಡುವುದೆಲ್ಲ ವೈರಸ್ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮರೆಯಬಾರದ ಮತ್ತೊಂದು ಹೆಸರು ಕಾಕ್ಸಿಡಿಯಾ. ಇದು ಏಕಕೋಶದ ಪರೋಪಜೀವಿ, ಹಿಡಿಯುವುದೂ ಇದೇ ವಯಸ್ಸಿನ ಮರಿಗಳನ್ನೇ, ಭೇದಿಯೂ ಹಾಗೆಯೇ. ಆದರೆ ಇದಕ್ಕೆ ಔಷಧಿ ಇದೆ. ಹಿಕ್ಕೆಯನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದರ ಮೊಟ್ಟೆಯಂಥ ಕಣಗಳು ಕಾಣುತ್ತವೆ. "ವೈರಸ್, ಏನೂ ಮಾಡಲಾಗದು" ಎಂದು ಕೈಚೆಲ್ಲುವ ಮೊದಲು ಈ ಅಗ್ಗದ ಪರೀಕ್ಷೆ ಮಾಡಿಸದಿದ್ದರೆ ಉಳಿಯಬಹುದಾದ ಮರಿಗಳೂ ಹೋಗುತ್ತವೆ.

ವೈರಸ್ಸನ್ನು ಪತ್ತೆ ಮಾಡುವುದು ಹೇಗೆ?

ಕಣ್ಣಳತೆಯಲ್ಲಿ ಆಗುವುದಿಲ್ಲ. ಮೇಲೆ ಹೇಳಿದ ಅರ್ಧ ಡಜನ್ ಕಾರಣಗಳಿಗೂ ಲಕ್ಷಣ ಹೆಚ್ಚುಕಡಿಮೆ ಒಂದೇ. ಹಿಕ್ಕೆಯಲ್ಲಿ ವೈರಸ್ಸಿನ ಪ್ರೋಟೀನನ್ನು ಹುಡುಕುವ ಎಲೈಸಾ, ಅದರ ಆನುವಂಶಿಕ ವಸ್ತುವನ್ನು ಹುಡುಕುವ ಪಿಸಿಆರ್ ಪರೀಕ್ಷೆಗಳು ಇವೆ. ಗೂಡಿನಲ್ಲಿ ಹಲವು ಮರಿಗಳು ಸತ್ತಿದ್ದರೆ, ಆಗಷ್ಟೇ ಸತ್ತ ಒಂದನ್ನು ತಣ್ಣಗಿಟ್ಟು ಪಶುವೈದ್ಯರಲ್ಲಿಗೆ ಶವಪರೀಕ್ಷೆಗೆ ಒಯ್ಯುವುದು ಉಳಿದವುಗಳಿಗೆ ಮಾಡಬಹುದಾದ ದೊಡ್ಡ ಉಪಕಾರ. ಹೆಪ್ಪುಗಟ್ಟಿಸಬಾರದು, ಅಂಗಾಂಶ ಕೆಡುತ್ತದೆ. ತಡಮಾಡಲೂ ಬಾರದು; ಮೊಲದ ಕರುಳು ಸತ್ತ ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ.

ವರದಿಯನ್ನು ಓದುವಾಗಲೂ ಎಚ್ಚರ ಬೇಕು. ಹಿಕ್ಕೆಯಲ್ಲಿ ರೋಟಾ ವೈರಸ್ ಸಿಕ್ಕಿತೆಂದರೆ ಅದು ಅಲ್ಲಿ ಇತ್ತು ಎಂದಷ್ಟೇ ಅರ್ಥ. ಕೊಂದದ್ದು ಅದೊಂದೇ ಎಂದಲ್ಲ. ಆದ್ದರಿಂದ ವೈದ್ಯರು ಅದರ ಜೊತೆಗೆ ಬ್ಯಾಕ್ಟೀರಿಯಾ, ಕಾಕ್ಸಿಡಿಯಾಗಳನ್ನೂ ನೋಡುತ್ತಾರೆ.

ಹರಡುವ ದಾರಿ

ಹಿಕ್ಕೆಯಿಂದ ಬಾಯಿಗೆ. ಇಷ್ಟೇ ದಾರಿ, ಆದರೆ ಮೊಲಗಳ ಗೂಡಿನಲ್ಲಿ ಇದು ಹೆದ್ದಾರಿ. ಮರಿ ನೆಲ ಮೂಸುತ್ತದೆ, ಪಾದ ನೆಕ್ಕಿಕೊಳ್ಳುತ್ತದೆ, ಹಿಕ್ಕೆ ಬಿದ್ದ ಹುಲ್ಲನ್ನೇ ತಿನ್ನುತ್ತದೆ. ಸೋಂಕು ತಗಲಿದ ಎರಡರಿಂದ ಐದು ದಿನದಲ್ಲಿ ರೋಟಾ ವೈರಸ್ ಹಿಕ್ಕೆಯಲ್ಲಿ ಹೊರಬರಲು ಶುರುವಾಗುತ್ತದೆ, ಸುಮಾರು ಒಂದು ವಾರ ಬರುತ್ತಿರುತ್ತದೆ. ನಡುವೆ ನಮ್ಮ ಕೈ, ಬಟ್ಟೆ, ಪೊರಕೆ, ನೀರಿನ ಬಟ್ಟಲು, ನೊಣ ಎಲ್ಲವೂ ಅದಕ್ಕೆ ವಾಹನ.

ಶುಚಿ ಮಾಡುವಾಗ ಎರಡು ವೈರಸ್ಸುಗಳ ಹೊರಮೈ ನೆನಪಿರಲಿ. ಕೊರೊನಾ ವೈರಸ್ಸಿನ ಮೇಲೆ ಕೊಬ್ಬಿನ ಹೊದಿಕೆ ಇದೆ. ಪಾತ್ರೆಯ ಜಿಡ್ಡು ಬಿಟ್ಟಂತೆ ಸಾಬೂನಿಗೆ ಅದು ಕರಗುತ್ತದೆ, ವೈರಸ್ ಸಾಯುತ್ತದೆ. ರೋಟಾ ವೈರಸ್ಸಿಗೆ ಅಂಥ ಹೊದಿಕೆಯಿಲ್ಲ. ಅದರದು ಮೂರು ಪದರದ ಗಟ್ಟಿ ಪ್ರೋಟೀನಿನ ಚಿಪ್ಪು. ಸಾಬೂನು ಅದನ್ನು ತೊಳೆದು ಸಾಗಿಸಬಹುದು, ಕೊಲ್ಲಲಾರದು. ಒಣಗಿದ ಹಿಕ್ಕೆಯಲ್ಲಿ ಅದು ಬಹಳ ದಿನ ಉಳಿಯುತ್ತದೆ. ಅದಕ್ಕೆ ಬ್ಲೀಚ್ ಬೇಕು: ಮನೆಬಳಕೆಯ ಬ್ಲೀಚ್ ಒಂದು ಪಾಲು, ನೀರು ಒಂಬತ್ತು ಪಾಲು, ಹತ್ತು ನಿಮಿಷ ಒದ್ದೆಯಾಗಿ ಬಿಟ್ಟು, ಆಮೇಲೆ ಚೆನ್ನಾಗಿ ತೊಳೆದು ಒಣಗಿಸುವುದು. ಮೊಲಗಳನ್ನು ಮೊದಲು ಹೊರಗೆ ತೆಗೆದಿರಬೇಕು. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಿಕ್ಕೆ, ಕೂದಲು, ಹುಲ್ಲು ಮೆತ್ತಿರುವಾಗಲೇ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಆ ಕೊಳೆಯಲ್ಲೇ ಮುಗಿದುಹೋಗುತ್ತದೆ. ಮೊದಲು ಕೆರೆದು ತೊಳೆಯಬೇಕು, ಆಮೇಲೆ ಬ್ಲೀಚ್. ಕೊಳೆ ಹೀರಿಕೊಂಡ ಮರದ ಹಲಗೆಯನ್ನು ಪೂರ್ತಿ ಶುದ್ಧಮಾಡುವುದು ಕಷ್ಟ, ಬದಲಿಸುವುದೇ ಸರಿ.

ಚಿಕಿತ್ಸೆ ಎಂದರೆ ಸಮಯ ಗಳಿಸುವುದು

ಈ ವೈರಸ್ಸುಗಳನ್ನು ಕೊಲ್ಲುವ ಔಷಧಿ ಇಲ್ಲ. ವಿಲ್ಲೈ ಮತ್ತೆ ಬೆಳೆಯುವವರೆಗೆ ಮರಿಯನ್ನು ಬದುಕಿಸಿಡುವುದೇ ಚಿಕಿತ್ಸೆ. ಮೊದಲ ಶತ್ರು ನೀರಿನ ಕೊರತೆ. 600 ಗ್ರಾಂ ತೂಗುವ ಮರಿಯ ಮೈಯಿಂದ ಬರಿಯ 60 ಮಿಲಿಲೀಟರ್ ನೀರು ಹೋದರೆ ಅದರ ತೂಕದ ಹತ್ತನೇ ಒಂದು ಪಾಲು ಹೋದಂತೆ. ನಮ್ಮ ಲೆಕ್ಕಕ್ಕೆ ಅದು ಎರಡು ಗುಟುಕು, ಅದಕ್ಕೆ ಪ್ರಾಣ. ಹೆಗಲುಗಳ ನಡುವಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಡಿ. ಆರೋಗ್ಯವಂತ ಮರಿಯಲ್ಲಿ ಅದು ತಟ್ಟನೆ ಹಿಂದಕ್ಕೆ ಹೋಗುತ್ತದೆ. ಗುಡಾರದಂತೆ ನಿಂತೇ ಇದ್ದರೆ ನೀರು ಬಹಳ ಹೋಗಿದೆ. ವಸಡು ಅಂಟಂಟಾಗಿರುತ್ತದೆ, ಕಿವಿ ತಣ್ಣಗಿರುತ್ತದೆ. ಮೊಲದ ಸಹಜ ಮೈಶಾಖ ಸುಮಾರು 38.5ರಿಂದ 40 ಡಿಗ್ರಿ ಸೆಲ್ಸಿಯಸ್. ಭೇದಿಯಾದ ಮರಿಯಲ್ಲಿ ಅದು 38ಕ್ಕಿಂತ ಕೆಳಗಿಳಿದರೆ ಅಪಾಯ ಹತ್ತಿರವಾಗಿದೆ. ವೈದ್ಯರು ಬೆಚ್ಚಗೆ ಮಾಡಿದ ದ್ರವವನ್ನು ಚರ್ಮದಡಿಗೆ ಕೊಡುತ್ತಾರೆ, ತೀರಾ ಕೆಟ್ಟಿದ್ದರೆ ರಕ್ತನಾಳಕ್ಕೆ; ಮರಿಯನ್ನು ಬೆಚ್ಚಗಿಡುತ್ತಾರೆ, ನೋವು ತಗ್ಗಿಸುತ್ತಾರೆ.

ಎರಡು ತಪ್ಪುಗಳು ಮನುಷ್ಯರ ಅಭ್ಯಾಸದಿಂದ ಬರುತ್ತವೆ. ಹೊಟ್ಟೆ ಕೆಟ್ಟರೆ ಒಂದು ಹೊತ್ತು ಉಪವಾಸ ಒಳ್ಳೆಯದು ಎಂಬುದು ಮೊದಲನೆಯದು. ಮೊಲಕ್ಕೆ ಉಪವಾಸವೆಂದರೆ ಕರುಳು ನಿಂತಂತೆ. ಕಾಳು, ಗುಳಿಗೆ ಆಹಾರ, ಹಣ್ಣು ನಿಲ್ಲಿಸಬೇಕು ನಿಜ. ಒಣಹುಲ್ಲು ಮತ್ತು ನೀರು ಮಾತ್ರ ಸದಾ ಎದುರಿಗಿರಬೇಕು. ಪೂರ್ತಿ ತಿನ್ನುವುದನ್ನು ಬಿಟ್ಟ ಮರಿಗೆ ಸಿರಿಂಜಿನಲ್ಲಿ ಕೊಡುವುದುಂಟು, ಆದರೆ ಹೊಟ್ಟೆ ಉಬ್ಬಿದ್ದರೆ ವೈದ್ಯರನ್ನು ಕೇಳದೆ ಕೊಡಬಾರದು.

ಎರಡನೆಯದು ಇನ್ನೂ ದುಬಾರಿ ತಪ್ಪು: ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಪುಡಿಮಾಡಿ ಕುಡಿಸುವುದು. ಅದು ವೈರಸ್ಸಿಗೆ ನಾಟುವುದಿಲ್ಲ ಎಂಬುದು ಒತ್ತಟ್ಟಿಗಿರಲಿ, ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಕುರುಡು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು, ವಿಷ ಉಗುಳುವ ಕ್ಲಾಸ್ಟ್ರಿಡಿಯಂಗೆ ಮನೆ ಖಾಲಿ ಮಾಡಿಕೊಟ್ಟಂತಾಗುತ್ತದೆ. ಮಕ್ಕಳಿಗೆ ನಿರಾತಂಕವಾಗಿ ಬರೆದುಕೊಡುವ ಔಷಧಿ ಮೊಲವನ್ನು ಕೊಲ್ಲಬಲ್ಲದು. ಜೊತೆಗೂಡಿದ ಬ್ಯಾಕ್ಟೀರಿಯಾಕ್ಕಾಗಿ ಆಂಟಿಬಯಾಟಿಕ್ ಬೇಕೇಬೇಕಾದರೆ ಮೊಲಕ್ಕೆ ಒಗ್ಗುವ ಬೇರೆ ಬಗೆಯವು ಇವೆ, ಆಯ್ಕೆ ವೈದ್ಯರದು.

ತಡೆಯಲು ಏನು ಮಾಡಬಹುದು?

ಐದನೇ ವಾರದ ತೆರೆದ ಬಾಗಿಲನ್ನು ಪೂರ್ತಿ ಮುಚ್ಚಲಾಗದು, ಆದರೆ ಅಷ್ಟೂ ಬದಲಾವಣೆಗಳನ್ನು ಒಂದೇ ದಿನ ಮಾಡದೆ ಇರಬಹುದು. ಹಾಲು ಬಿಡಿಸಿದಾಗ ತಾಯಿಯನ್ನು ಬೇರೆಡೆಗೆ ಒಯ್ದು ಮರಿಗಳನ್ನು ಅದೇ ಗೂಡಿನಲ್ಲಿ ಬಿಟ್ಟರೆ ಒಂದು ಹೊರೆ ಕಡಿಮೆ. ಹೊಸ ಆಹಾರವನ್ನು ವಾರಕ್ಕೂ ಮೀರಿ ಹಳೆಯದರೊಂದಿಗೆ ಬೆರೆಸುತ್ತ ಬದಲಿಸಿದರೆ ಇನ್ನೊಂದು ಕಡಿಮೆ. ಮೂರನೇ ವಾರದಿಂದಲೇ ಮರಿಗೆ ಒಣಹುಲ್ಲು ಎಟಕುವಂತಿದ್ದರೆ ಕುರುಡು ಕರುಳಿನ ಬ್ಯಾಕ್ಟೀರಿಯಾಗಳು ಸರಿಯಾದ ಜಾತಿಯವಾಗಿ ನೆಲೆಯೂರುತ್ತವೆ. ಹೊರಗಿನಿಂದ ತಂದ ಮೊಲವನ್ನು ಕನಿಷ್ಠ ಎರಡು ವಾರ, ಸಾಧ್ಯವಾದರೆ ಒಂದು ತಿಂಗಳು ಬೇರೆ ಇಡಬೇಕು. ದಿನದ ಕೆಲಸದಲ್ಲಿ ಮರಿಗಳ ಗೂಡಿಗೆ ಮೊದಲು, ದೊಡ್ಡವುಗಳಿಗೆ ಆಮೇಲೆ, ರೋಗಿಗಳಿಗೆ ಕೊನೆಯಲ್ಲಿ ಕೈಹಾಕಬೇಕು. ಈ ಕ್ರಮಕ್ಕೆ ಕಾಸಿನ ಖರ್ಚಿಲ್ಲ.

ಮನುಷ್ಯರಿಗೆ ಬರುತ್ತದೆಯೇ ಎಂಬ ಪ್ರಶ್ನೆ ಸಹಜ. ಮೊಲದ ರೋಟಾ ವೈರಸ್ಸನ್ನು ಬಹಳವಾಗಿ ಹೋಲುವ ತಳಿ ಮನುಷ್ಯರಲ್ಲಿ ಅಪರೂಪಕ್ಕೆ ಸಿಕ್ಕಿದ್ದಿದೆ. ಬೆಲ್ಜಿಯಂನ ಒಂದು ಮಗುವಿನಲ್ಲಿ ಪತ್ತೆಯಾದದ್ದು ಅಂಥದ್ದೊಂದು. ಅಪರೂಪವೆಂಬುದು ನಿಜ, ಆದರೂ ಭೇದಿಯಾದ ಮರಿಯನ್ನು ಮುಟ್ಟಿದ ಮೇಲೆ ಕೈ ತೊಳೆಯಬೇಕು. ಪುಟ್ಟ ಮಕ್ಕಳಿಗೆ ಆ ಮರಿಯನ್ನು ಕೊಡದಿರುವುದು ಒಳಿತು.

ಚೇತರಿಸಿಕೊಂಡ ಮರಿ

ಮೊದಲ ಎರಡು ಮೂರು ದಿನ ದಾಟಿದ ಮರಿ ಹೆಚ್ಚಾಗಿ ಉಳಿಯುತ್ತದೆ. ಗುರುತು ಸಿಗುವುದು ಗೂಡಿನ ನೆಲದಲ್ಲಿ. ನೀರು ನಿಂತು ಲೋಳೆ ಬರುತ್ತದೆ, ಲೋಳೆಯ ನಡುವೆ ಸೊಟ್ಟಂಬಟ್ಟ ಕಿರಿಯ ಹಿಕ್ಕೆ ಒಂದೆರಡು ಕಾಣಿಸುತ್ತವೆ, ಆಮೇಲೆ ದುಂಡನೆಯವು. ಒಡೆದು ನೋಡಿದರೆ ಒಳಗೆ ಒಣ ಹುಲ್ಲಿನ ಎಳೆಗಳು ಕಾಣಬೇಕು. ಆಗ ಮರಿ ಹುಲ್ಲಿಗೆ ಬಾಯಿ ಹಾಕುತ್ತದೆ, ಮುಖ ಉಜ್ಜಿಕೊಳ್ಳುತ್ತದೆ. ಆದರೆ ಆ ದುಂಡನೆಯ, ಆರೋಗ್ಯವಾಗಿ ಕಾಣುವ ಹಿಕ್ಕೆಯಲ್ಲೂ ವೈರಸ್ ಇನ್ನೂ ಕೆಲವು ದಿನ ಇರುತ್ತದೆ. ಅದನ್ನು ಒಡಹುಟ್ಟಿದವುಗಳ ಜೊತೆ ಬಿಡಲು ಇನ್ನೂ ಎರಡು ವಾರ ಕಾಯಬೇಕು.